ಹತ್ತೊಂಬತ್ತು ದಿನ ಕಾದ ಪುಟ

ಫೆಬ್ರವರಿ 9, ಸೋಮವಾರ

ದಿನಚರಿ ಬರೆಯುವ ಅಭ್ಯಾಸ ನನಗಿಲ್ಲ. ಆದರೆ ಇವತ್ತು ನಡೆದದ್ದನ್ನು ತಾರೀಖಿನ ಸಮೇತ ಬರೆದಿಟ್ಟುಕೊಳ್ಳಬೇಕು. ನಾಳೆ ಯಾರಾದರೂ ಕೇಳಿದರೆ ನಾಲಿಗೆ ತಡವರಿಸಬಾರದು.

ಬೆಳಿಗ್ಗೆ ಹತ್ತೂಕಾಲಿಗೆ ಒಂದು ಮಕ್ಕಳ ಕ್ಲಿನಿಕ್ಕಿನಿಂದ ಪತ್ರ ಬಂತು. ಬರೆದವರು ಅಲ್ಲಿನ ನರ್ಸ್. ‘ನಿಮ್ಮ ಕೈಪಿಡಿಯ ಹದಿನೇಳನೇ ಪುಟದಲ್ಲಿ ಹೇಳಿದ ಹಾಗೆಯೇ ಮಾಡಿದ್ದೇನೆ. ನಾಲ್ಕು ವರ್ಷದ ಹುಡುಗಿಗೆ ಒಂದು ವಾರ ಫಿಟ್ಸ್ ಔಷಧಿ ಐದರಲ್ಲಿ ಒಂದು ಪಾಲು ಮಾತ್ರ ಹೋಗಿದೆ. ಶುಕ್ರವಾರ ಬಂದ ಫಿಟ್ಸ್ ಮುಕ್ಕಾಲು ಗಂಟೆ ನಿಲ್ಲಲಿಲ್ಲ. ಈಗ ದೊಡ್ಡಾಸ್ಪತ್ರೆಯ ಐಸಿಯುನಲ್ಲಿದ್ದಾಳೆ. ದಯವಿಟ್ಟು ಆ ಪುಟ ಸರಿಯಿದೆಯೋ ಇಲ್ಲವೋ ತಿಳಿಸಿ.’

ಪುಟ ಸರಿಯಿರಲಿಲ್ಲ.

ನಮ್ಮದು ಸಣ್ಣ ಕ್ಲಿನಿಕ್ಕುಗಳಿಗೆಂದು ನಲವತ್ತು ಐವತ್ತು ಜನ ಸೇರಿ ಬರೆದ ಪುಕ್ಕಟೆ ತಂತ್ರಾಂಶ. ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದುಪಡಿ ಕಳಿಸಬಹುದು. ಮಗುವಿನ ತೂಕವನ್ನೂ ಬಾಟಲಿಯ ಮೇಲಿನ ಸಂಖ್ಯೆಯನ್ನೂ ಕೊಟ್ಟರೆ ಎಷ್ಟು ಎಂಎಲ್ ಕುಡಿಸಬೇಕೆಂದು ಲೆಕ್ಕ ಹಾಕಿ ಚೀಟಿ ಕೊಡುತ್ತದೆ. ಅದರ ಬಳಕೆಯ ಕೈಪಿಡಿ ನನ್ನದು. ಹೊಟ್ಟೆಪಾಡಿಗೆ ಮಿಕ್ಸಿ, ಪಂಪು, ವಾಷಿಂಗ್ ಮೆಷಿನ್ನುಗಳ ಕೈಪಿಡಿ ಬರೆಯುತ್ತೇನೆ; ಮನಸ್ಸಿನ ಸಮಾಧಾನಕ್ಕೆ ಇದು. ಒಂಬತ್ತು ವರ್ಷದಿಂದ ಯಾರು ಏನು ತಿದ್ದಿ ಕಳಿಸಿದರೂ ನಾನು ಓದಿ, ನಾನೇ ಕೈಯಾರೆ ಸರ್ವರ್‌ಗೆ ಏರಿಸಿದ ಮೇಲೆಯೇ ಜನರಿಗೆ ಕಾಣುವುದು.

ಜನವರಿ 21ರಂದು ತಂತ್ರಾಂಶದ ಹೊಸ ಆವೃತ್ತಿ ಹೊರಬಂತು. ಮೊದಲು ಔಷಧಿ ಐದು ಎಂಎಲ್‌ನಲ್ಲಿ ಎಷ್ಟಿದೆ ಎಂದು ತುಂಬಬೇಕಿತ್ತು, ಹೊಸದರಲ್ಲಿ ಒಂದು ಎಂಎಲ್‌ನಲ್ಲಿ ಎಷ್ಟಿದೆ ಎಂದು ತುಂಬಬೇಕು. ಬಾಟಲಿಯ ಮೇಲೆ ಐದು ಎಂಎಲ್‌ಗೆ ಇಪ್ಪತ್ತು ಮಿಲಿಗ್ರಾಂ ಎಂದಿತ್ತು; ನಾಲ್ಕು ತುಂಬಬೇಕಾದ ಕಡೆ ಆ ನರ್ಸ್ ಇಪ್ಪತ್ತು ತುಂಬಿದ್ದಾರೆ. ನಮ್ಮ ಪುಟ ಹಾಗೇ ಹೇಳುತ್ತಿತ್ತು. ಇವತ್ತು ಹತ್ತೂವರೆಗೆ ಸರಿಪಡಿಸಿದ ಪುಟ ಏರಿಸಿದೆ.

ಹತ್ತೊಂಬತ್ತು ದಿನ. ಅಪ್ಪನ ಕಣ್ಣಿನ ಆಪರೇಷನ್ ಇತ್ತು. ನಾನು ಏನು ಮಾಡಲಿಕ್ಕಾಗುತ್ತಿತ್ತು?

ಫೆಬ್ರವರಿ 10, ಮಂಗಳವಾರ

ಪ್ರೋಗ್ರಾಂ ಬರೆಯುವವರ ಹಣೆಬರಹವೇ ಇಷ್ಟು. ಎಲ್ಲಾ ಬದಲಾಯಿಸಿ, ಒಂದು ಮಾತು ಹೇಳದೆ ಹೊರಗೆ ಬಿಟ್ಟುಬಿಡುತ್ತಾರೆ. ಆ ಮೇಲೆ ಎಲ್ಲಾ ಕೈಪಿಡಿಯವಳ ತಲೆಗೆ.

ಮಗು ಇನ್ನೂ ಕಣ್ಣು ಬಿಟ್ಟಿಲ್ಲವಂತೆ.

ಫೆಬ್ರವರಿ 12, ಗುರುವಾರ

ಯೋಜನೆಯನ್ನು ಶುರುಮಾಡಿದವರು ಈಗ ನಿವೃತ್ತರಾಗಿರುವ ಒಬ್ಬ ಮಕ್ಕಳ ಡಾಕ್ಟರು. ಎಲ್ಲರೂ ಅವರನ್ನು ದೊಡ್ಡಮ್ಮ ಅನ್ನುತ್ತೇವೆ. ಇವತ್ತು ಎಲ್ಲರನ್ನೂ ಫೋನಿನಲ್ಲಿ ಸೇರಿಸಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

“ತಿದ್ದುಪಡಿ ಯಾವತ್ತು ಬಂತು?” ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಬೇರೊಬ್ಬರು ಓದಿ ಹೇಳಿದರು. ಜನವರಿ 21, ಸಂಜೆ ನಾಲ್ಕು ಗಂಟೆ. ಆವೃತ್ತಿ ಹೊರಬಂದ ದಿನವೇ, ಪ್ರೋಗ್ರಾಂ ಬದಲಾಯಿಸಿದವರೇ ಪುಟವನ್ನೂ ತಿದ್ದಿ ನನ್ನ ಸರತಿಯಲ್ಲಿ ಇಟ್ಟಿದ್ದರು. ಮೊನ್ನೆ ನಾನು ಏರಿಸಿದ್ದು ಅದನ್ನೇ. ಒಂದಕ್ಷರ ಬದಲಾಯಿಸುವ ಅಗತ್ಯವೂ ಬಿದ್ದಿರಲಿಲ್ಲ.

“ಅಪ್ಪನ ಕಣ್ಣಿನ ಆಪರೇಷನ್ ಇತ್ತು ದೊಡ್ಡಮ್ಮ,” ಎಂದೆ. ಎಲ್ಲರೂ ಒಮ್ಮೆಗೇ ‘ಅಯ್ಯೋ, ಹೌದಾ’ ಅಂದರು. ಆ ‘ಅಯ್ಯೋ’ ಕೇಳಿ ಜೀವಕ್ಕೆ ತಂಪಾಯಿತು.

ಕೊನೆಗೆ ತೀರ್ಮಾನವಾದದ್ದು: ಇನ್ನು ಮುಂದೆ ಕೈಪಿಡಿ ತಾನೇ ತಾನಾಗಿ ಪ್ರಕಟವಾಗಬೇಕು, ಯಾರೊಬ್ಬರ ಕೈಗೂ ಕಾಯಬಾರದು. ಆ ಯಂತ್ರ ಕಟ್ಟಿಕೊಡುವವರು ಕಪ್ಪೆ. ಜೊತೆಗೆ ನಾನು.

ಕಪ್ಪೆ ಅನ್ನುವುದು ಅವನು ಇಟ್ಟುಕೊಂಡ ಹೆಸರು, ಚಿತ್ರವೂ ಕಪ್ಪೆಯದೇ. ಜನವರಿ 18ಕ್ಕೆ ಎಲ್ಲರೆದುರು ಇದೇ ಮಾತು ಬರೆದಿದ್ದ: ‘ಪ್ರಕಟಿಸುವ ಕೀಲಿಕೈ ಒಬ್ಬರ ಹತ್ತಿರವೇ ಇರುವುದು ಅಪಾಯ.’ ಹದಿನಾಲ್ಕು ಜನ ಹೌದೆಂದು ತಲೆಯಾಡಿಸಿದ್ದರು. ಒಂಬತ್ತು ವರ್ಷ ದುಡಿದವಳಿಗೆ ನಿನ್ನೆ ಮೊನ್ನೆ ಬಂದವನ ಬುದ್ಧಿವಾದ. ಈಗ ಅವನಿಗೆ ಹಬ್ಬವೇ ಸರಿ.

ಫೆಬ್ರವರಿ 15, ಭಾನುವಾರ

ಕಪ್ಪೆ ಫೋನ್ ಮಾಡಿದ್ದ. ಮಾಡಿದ್ದರು ಅನ್ನಬೇಕು. ಇಪ್ಪತ್ತರ ಹುಡುಗ ಅಂದುಕೊಂಡಿದ್ದೆ, ದನಿ ಕೇಳಿದರೆ ಅರವತ್ತು ದಾಟಿದವರು. ಲಿಫ್ಟ್ ರಿಪೇರಿ ಮಾಡುವುದು ಅವರ ವೃತ್ತಿಯಂತೆ. ಮೊಮ್ಮಗಳಿಗೆ ದಮ್ಮು; ಅವಳ ಕ್ಲಿನಿಕ್ಕಿನಲ್ಲಿ ಕಾದು ಕೂತಾಗ ನಮ್ಮ ತಂತ್ರಾಂಶ ನೋಡಿ, ಇದರೊಳಗೆ ಏನಿದೆ ಅಂತ ಬಿಚ್ಚಿ ಕಲಿತವರು. ಕಪ್ಪೆಯ ಚಿತ್ರ ಮೊಮ್ಮಗಳು ಬರೆದದ್ದು.

“ಮೇಡಂ, ನೀವು ಒಂದು ಪುಟ ಹೊರಗೆ ಬಿಡೋಕೆ ಏನೇನು ಮಾಡ್ತೀರಿ, ಒಂದೂ ಬಿಡದೆ ಹೇಳಿ. ನಾನು ಬರ್ಕೋತೀನಿ.”

ಹೇಳಿದೆ. ಬಂದ ತಿದ್ದುಪಡಿ ಇಳಿಸಿಕೊಳ್ಳುವುದು. ಒಮ್ಮೆ ಗಟ್ಟಿಯಾಗಿ ಓದುವುದು. ಚಿತ್ರಗಳನ್ನು ಹೊಸ ಪರದೆಯ ಜೊತೆ ಹೋಲಿಸುವುದು. ಆವೃತ್ತಿಯ ಸಂಖ್ಯೆ ಬದಲಾಯಿಸುವುದು. ಕಡತವನ್ನು ವೆಬ್ ಪುಟವಾಗಿ ಮಾರ್ಪಡಿಸುವುದು. ಪರಿವಿಡಿ ತಿದ್ದುವುದು. ಮುರಿದ ಲಿಂಕ್ ಇದೆಯೇ ನೋಡುವುದು. ಹಳೆಯದನ್ನು ತೆಗೆದು ಹೊಸದನ್ನು ಏರಿಸುವುದು. ಫೋನಿನಲ್ಲಿ ತೆರೆದು ನೋಡುವುದು. ಹೇಳುತ್ತಾ ಹೇಳುತ್ತಾ ಹನ್ನೊಂದು ಕೆಲಸವಾಯಿತು.

“ಇದರಲ್ಲಿ ಕಣ್ಣಿನ ಕೆಲಸ ಯಾವುದು, ಕೈ ಕೆಲಸ ಯಾವುದು?”

ಅಂಥ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಎಣಿಸಿದೆವು. ಎಂಟು ಕೈ ಕೆಲಸ, ಮೂರೇ ಕಣ್ಣಿನದು.

“ಎಂಟನ್ನ ಯಂತ್ರಕ್ಕೆ ಕೊಡೋಣ. ಮೂರನ್ನ ಮನುಷ್ಯರಿಗೇ ಇಟ್ಕೊಳ್ಳೋಣ. ಆದ್ರೆ ಒಬ್ಬರಿಗಲ್ಲ.”

ಒಬ್ಬರಿಗಲ್ಲ ಅನ್ನುವುದನ್ನು ಮೆಲ್ಲಗೇ ಹೇಳಿದರು. ನನಗೆ ಕಿವಿ ಸುಟ್ಟ ಹಾಗಾಯಿತು. ನಾಳೆ ನೋಡೋಣ ಎಂದು ಫೋನ್ ಇಟ್ಟೆ.

ಫೆಬ್ರವರಿ 16, ಸೋಮವಾರ

ಮಗು ಕಣ್ಣು ಬಿಟ್ಟಿದೆ. ಅಮ್ಮನನ್ನು ಗುರುತಿಸಿತಂತೆ. ಬೇರೇನೂ ಬರೆಯಬೇಕು ಅನ್ನಿಸುತ್ತಿಲ್ಲ.

ಫೆಬ್ರವರಿ 19, ಗುರುವಾರ

ನರ್ಸಿಗೆ ಫೋನ್ ಮಾಡು ಎಂದು ದೊಡ್ಡಮ್ಮ ಮೂರು ದಿನದಿಂದ ಹೇಳುತ್ತಿದ್ದರು. ಇವತ್ತು ಮಾಡಿದೆ. ಏನು ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಮೊದಲ ಸಾಲೇ ‘ನಮ್ಮ ತಂತ್ರಾಂಶವನ್ನು ಬಳಸುತ್ತಿರುವುದಕ್ಕೆ ಧನ್ಯವಾದಗಳು’ ಎಂದಿತ್ತು. ಓದಲಿಕ್ಕೆ ಬಾಯಿ ಬರಲಿಲ್ಲ.

ಅವರನ್ನು ಕೆಲಸದಿಂದ ದೂರ ಇಟ್ಟಿದ್ದಾರೆ. ವಿಚಾರಣೆ ಮುಗಿಯುವವರೆಗೆ ಕ್ಲಿನಿಕ್ಕಿಗೆ ಬರಬೇಡಿ ಎಂದಿದ್ದಾರಂತೆ. ಹದಿನಾರು ವರ್ಷದ ಸೇವೆ.

“ಪರದೆ ಮೇಲೆ ಒಂದು ಎಂಎಲ್‌ಗೆ ಅಂತ ಬರೆದಿತ್ತು ಮೇಡಂ,” ಎಂದರು. “ಅದು ನನ್ನ ಕಣ್ಣಿಗೆ ಬೀಳ್ಲಿಲ್ಲ ಅಂತ ನಾನು ಸುಳ್ಳು ಹೇಳಲ್ಲ. ಬಿತ್ತು. ಹೊಸ ಬಾಟಲಿ ಬೇರೆ. ಏನೋ ಎಡವಟ್ಟಿದೆ ಅಂತ ಕೈಪಿಡಿ ತೆಗೆದೆ. ಅದರಲ್ಲಿ ಐದು ಎಂಎಲ್ ಅಂತಿತ್ತು. ಪರದೆ ಒಂದು ಹೇಳ್ತಿದೆ, ಪುಸ್ತಕ ಒಂದು ಹೇಳ್ತಿದೆ. ನಾನು ಪುಸ್ತಕ ನಂಬಿದೆ.”

“ಯಾಕೆ?” ಎಂದು ಕೇಳಿಬಿಟ್ಟೆ.

“ಅದು ಯಾವತ್ತೂ ತಪ್ಪಿರಲಿಲ್ಲವಲ್ಲ.”

ಆ ಮೇಲೆ ಅವರು ಬಹಳ ಹೊತ್ತು ಮಾತಾಡಿದರು. ವಿಚಾರಣೆಯವರು ‘ಪರದೆ ನೋಡಿಯೂ ನಿರ್ಲಕ್ಷಿಸಿದರು’ ಎಂದು ಬರೆದುಕೊಂಡಿದ್ದಾರೆ. ಕೈಪಿಡಿ ಹಾಗೆ ಹೇಳಿತ್ತು ಅಂದರೆ, ಈಗ ತೆರೆದು ತೋರಿಸಿ ಅಂದರಂತೆ. ಇವರು ತೆರೆದರೆ ಪುಟ ಸರಿಯಾಗಿದೆ! ಒಂಬತ್ತನೇ ತಾರೀಖು ನಾನು ಸರಿಮಾಡಿದ್ದೇ ಈಗ ಅವರ ಕತ್ತಿಗೆ ಬಂದಿದೆ.

ಫೆಬ್ರವರಿ 20, ಶುಕ್ರವಾರ

ಬೆಳಿಗ್ಗೆ ಅಪ್ಪನಿಗೆ ಪತ್ರಿಕೆ ಓದಿ ಹೇಳುವಾಗ ದೊಡ್ಡಮ್ಮನ ಫೋನ್ ಬಂತು. ನರ್ಸಿನ ವಿಷಯ ಹೇಳಿದೆ. ಪುಟ ಯಾಕೆ ತಡವಾಯಿತೆಂದು ವಿಚಾರಣೆಯವರು ನಮ್ಮನ್ನೂ ಕೇಳಬಹುದು, ಏನು ಹೇಳುತ್ತೀಯ ಎಂದರು. “ಅಪ್ಪನ ಆಪರೇಷನ್ ಅಂತಲೇ ಹೇಳ್ತೀನಿ ದೊಡ್ಡಮ್ಮ, ಇದ್ದದ್ದೇ ಅಲ್ವಾ,” ಎಂದೆ.

ಫೋನ್ ಇಟ್ಟ ಮೇಲೆ ಅಪ್ಪ ನನ್ನ ಕೈಯಿಂದ ಪತ್ರಿಕೆ ತೆಗೆದು ಮಡಚಿಟ್ಟರು. ಮೂವತ್ತೊಂದು ವರ್ಷ ಪತ್ರಿಕೆಯೊಂದರಲ್ಲಿ ಕರಡು ತಿದ್ದಿದವರು. ಇವತ್ತಿಗೂ ಅಂಗಡಿಯ ಬೋರ್ಡಿನಲ್ಲಿ ಒತ್ತಕ್ಷರ ತಪ್ಪಿದ್ದರೆ ಒಳಗೆ ಹೋಗಿ ಹೇಳಿ ಬರುತ್ತಾರೆ.

“ನನ್ನ ಕಣ್ಣಿನ ಪಟ್ಟಿ ಯಾವತ್ತು ಬಿಚ್ಚಿದ್ದು?” ಎಂದರು.

“ಜನವರಿ ಇಪ್ಪತ್ಮೂರಕ್ಕೆ.”

“ಆಪರೇಷನ್?”

“ಇಪ್ಪತ್ತೆರಡಕ್ಕೆ.”

“ಹಾಗಿದ್ರೆ ನನ್ನ ಕಣ್ಣನ್ನ ಯಾಕಮ್ಮ ಸಾಕ್ಷಿಗೆ ಕರೀತೀಯ? ಅದು ಪಾಪ, ಎರಡೇ ದಿನದಲ್ಲಿ ತನ್ನ ಕೆಲಸ ಮುಗಿಸಿಕೊಂಡಿತ್ತು.”

ನಾನು ಸಿಟ್ಟಿನಿಂದ ಎದ್ದು ಹೋದೆ. ಅಡುಗೆಮನೆಯಲ್ಲಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಸರಿ, ಇಲ್ಲಿ ನನ್ನನ್ನು ಬಿಟ್ಟರೆ ಬೇರೆ ಯಾರೂ ಓದುವುದಿಲ್ಲ. ಇಪ್ಪತ್ನಾಲ್ಕಕ್ಕೆ ಕಂಪ್ಯೂಟರ್ ತೆರೆದಿದ್ದೆ. ಸರತಿಯಲ್ಲಿ ಆರು ಪುಟ ಕಾಯುತ್ತಿರುವುದು ಕಂಡಿತ್ತು. ಯಾವ ಪುಟ ಎಂದು ಬಿಡಿಸಿ ನೋಡಲಿಲ್ಲ. ಹದಿನೆಂಟನೇ ತಾರೀಖು ಕಪ್ಪೆ ಬರೆದದ್ದೂ, ಆ ಹದಿನಾಲ್ಕು ಜನ ತಲೆಯಾಡಿಸಿದ್ದೂ ಎದೆಯಲ್ಲಿ ಉರಿಯುತ್ತಿತ್ತು. ಕಾಯಲಿ, ನಾನಿಲ್ಲದಿದ್ದರೆ ಹೇಗಿರುತ್ತದೆ ಅಂತ ಇವರಿಗೂ ಗೊತ್ತಾಗಲಿ ಅಂದುಕೊಂಡೆ. ದಿನಾ ತೆರೆಯುತ್ತಿದ್ದೆ, ಎಷ್ಟಾಯಿತೆಂದು ನೋಡಿ ಮುಚ್ಚುತ್ತಿದ್ದೆ. ಎಂಟಾಯಿತು. ಹನ್ನೊಂದಾಯಿತು. ಯಾರಾದರೂ ಕೇಳಿಕೊಂಡು ಬರಲಿ ಅಂತ ಕಾದೆ.

ಬಂದದ್ದು ನರ್ಸಿನ ಪತ್ರ.

ಫೆಬ್ರವರಿ 24, ಮಂಗಳವಾರ

ನಾಲ್ಕು ದಿನದಿಂದ ಕಪ್ಪೆಯವರ ಜೊತೆ ಬರೀ ಕೆಲಸ. ಬೆಳಿಗ್ಗೆ ಅವರು ಲಿಫ್ಟಿನ ಕೆಲಸಕ್ಕೆ ಹೋಗುವ ಮುಂಚೆ ಒಂದು ಗಂಟೆ, ಮಧ್ಯಾಹ್ನ ಊಟದ ಬಿಡುವಿನಲ್ಲಿ ಅರ್ಧ ಗಂಟೆ. ಫೋನಿನಲ್ಲಿ ಹಿಂದೆ ಯಾವುದೋ ಕಟ್ಟಡದ ಸದ್ದು, ಸರಪಳಿಯ ಕಿರುಗುಟ್ಟುವಿಕೆ.

ಯಂತ್ರವೆಂದರೆ ಕಣ್ಣಿಗೆ ಕಾಣುವಂಥದ್ದೇನಲ್ಲ. ಒಂದಾದ ಮೇಲೊಂದು ಮಾಡಬೇಕಾದ ಅಪ್ಪಣೆಗಳ ಪಟ್ಟಿ. ಯಾರಾದರೂ ತಿದ್ದುಪಡಿ ಕಳಿಸಿದ ಕೂಡಲೇ ತಾನೇ ಎದ್ದು ಪುಟ ಕಟ್ಟುತ್ತದೆ, ಲಿಂಕುಗಳನ್ನು ಒಂದೊಂದಾಗಿ ತಟ್ಟಿ ನೋಡುತ್ತದೆ, ಪರಿವಿಡಿ ಜೋಡಿಸುತ್ತದೆ, ಎಲ್ಲಾ ಸರಿಯಿದ್ದರೆ ಏರಿಸುತ್ತದೆ. ನಾನು ಅರ್ಧ ದಿನ ಕೂತು ಮಾಡುತ್ತಿದ್ದ ಎಂಟು ಕೆಲಸವನ್ನು ಇವತ್ತು ಮೂರು ನಿಮಿಷದಲ್ಲಿ ಮಾಡಿತು. ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಕಪ್ಪೆಯವರಿಗೆ ಹಾಗೇ ಹೇಳಿದೆ.

“ಎರಡೂ ಮಾಡಿ. ನಾನೇನು ತಪ್ಪು ತಿಳ್ಕೊಳಲ್ಲ,” ಎಂದರು.

ಇನ್ನೊಂದು ಕಟ್ಟಳೆ ಹಾಕಿದ್ದೇವೆ. ಪ್ರೋಗ್ರಾಮಿನಲ್ಲಿ ಔಷಧಿಯ ಪ್ರಮಾಣಕ್ಕೆ ಸಂಬಂಧಪಟ್ಟ ಒಂದು ಸಾಲು ಬದಲಾದರೂ, ಅದಕ್ಕೆ ಸೇರಿದ ಕೈಪಿಡಿಯ ಪುಟ ಬದಲಾಗದಿದ್ದರೆ ಎರಡೂ ಹೊರಗೆ ಹೋಗುವುದಿಲ್ಲ. “ಬಾಗಿಲು ಮುಚ್ಚದೆ ಲಿಫ್ಟ್ ಮೇಲೇಳಲ್ಲ, ಅಷ್ಟೇ ಮೇಡಂ. ಜನವರಿಯಲ್ಲಿ ನಾನು ಹೇಳೋಕೆ ಹೊರಟಿದ್ದು ಇದನ್ನೇ. ನನಗೆ ಬರೆಯೋಕೆ ಬರಲ್ಲ, ಒರಟಾಗಿ ಬರೆದುಬಿಟ್ಟೆ. ನಿಮಗೆ ನೋವಾಯ್ತು ಅಂತ ಆಮೇಲೆ ಅನ್ನಿಸ್ತು.”

ಅವರ ಕ್ಷಮೆ ನನಗೆ ಬೇಡವಾಗಿತ್ತು. ಬೇಡ ಅನ್ನಲಿಕ್ಕೆ ಕಾರಣ ಹೇಳಬೇಕಾಗುತ್ತದೆ. ಮುಂದಿನ ಕೆಲಸದ ಮಾತೆತ್ತಿದೆ.

ಮಾರ್ಚ್ 1, ಭಾನುವಾರ

ನರ್ಸಿನ ವಿಚಾರಣೆ ಹತ್ತನೇ ತಾರೀಖಿಗೆ. ಅವರು ಕೇಳುತ್ತಿರುವುದು ಒಂದೇ ಒಂದು: ಜನವರಿ 30ರಂದು, ಹೊಸ ಬಾಟಲಿ ತೆರೆದ ದಿನ, ಕೈಪಿಡಿ ತಪ್ಪಾಗಿತ್ತು ಎಂದು ನಾವು ಬರೆದುಕೊಡಬೇಕು.

ದೊಡ್ಡಮ್ಮ ಅಳೆದು ತೂಗಿ ಮಾತಾಡಿದರು. “ಬರೆದುಕೊಡೋಣ. ಆದ್ರೆ ‘ಪ್ರಕಟಣೆಯಲ್ಲಿ ವಿಳಂಬವಾಗಿತ್ತು’ ಅಂದ್ರೆ ಸಾಕು. ನಿನ್ನ ಹೆಸರು ಬೇಡ. ನೀನು ನಮ್ಮ ಮನೆ ಮಗಳ ಹಾಗೆ. ನಾಳೆ ಯಾರಾದ್ರೂ ನಿನ್ನ ಮೇಲೆ ಕೇಸು ಗೀಸು ಹಾಕಿದ್ರೆ?”

“ವಿಳಂಬ ಯಾಕಾಯ್ತು ಅಂತ ಅವರು ಕೇಳಿದ್ರೆ?”

“ಅಪ್ಪನ ಆಪರೇಷನ್ ಇತ್ತಲ್ಲಮ್ಮ.”

ಅಪ್ಪ ಎದುರಿನ ಕುರ್ಚಿಯಲ್ಲಿ ಕೂತು ಹೊಸ ಕನ್ನಡಕ ಒರೆಸುತ್ತಿದ್ದರು. ಕಿವಿ ಇತ್ತಲೇ ಇದೆ ಅಂತ ಗೊತ್ತಾಗುತ್ತಿತ್ತು.

ಆ ಹುಡುಗಿಯನ್ನು ಇವತ್ತು ಐಸಿಯುನಿಂದ ವಾರ್ಡಿಗೆ ತಂದಿದ್ದಾರೆ. ಬಲಗೈ ಎತ್ತಲು ಆಗುತ್ತಿಲ್ಲವಂತೆ.

ಮಾರ್ಚ್ 3, ಮಂಗಳವಾರ

ಬೆಳಿಗ್ಗೆ ಬರೆಯಲು ಕೂತೆ. ‘ಕೆಲವು ಅನಿವಾರ್ಯ ಕಾರಣಗಳಿಂದ’ ಎಂದು ಶುರುಮಾಡಿದೆ. ಅಳಿಸಿದೆ. ‘ಕೌಟುಂಬಿಕ ಕಾರಣಗಳಿಂದ’ ಎಂದು ಬರೆದೆ. ಅಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಇಷ್ಟು ಉಳಿಯಿತು:

‘ಸರಿಪಡಿಸಿದ ಪುಟ ಜನವರಿ 21ರಂದೇ ಬಂದಿತ್ತು. ಅದನ್ನು ಪ್ರಕಟಿಸುವ ಅಧಿಕಾರ ಆಗ ನನ್ನೊಬ್ಬಳ ಕೈಯಲ್ಲಿತ್ತು. ಇಪ್ಪತ್ಮೂರರ ನಂತರ ನನಗೆ ಬಿಡುವಿತ್ತು. ಪುಟಗಳು ಕಾಯುತ್ತಿವೆ ಎಂದೂ ಗೊತ್ತಿತ್ತು. ಪ್ರಕಟಣೆಯ ಕೆಲಸವನ್ನು ಬೇರೆಯವರಿಗೂ ಹಂಚಬೇಕೆಂದು ಬಂದ ಸಲಹೆಯಿಂದ ಮುನಿಸಿಕೊಂಡು ಅವುಗಳನ್ನು ತೆರೆಯಲಿಲ್ಲ. ಜನವರಿ 30ರಂದು ಕೈಪಿಡಿ ನೋಡಿದ ಯಾರಿಗೇ ಆದರೂ ತಪ್ಪು ಪುಟವೇ ಕಾಣುತ್ತಿತ್ತು. ನರ್ಸ್ ಅವರು ಸಂದೇಹ ಬಂದ ಕೂಡಲೇ ಕೈಪಿಡಿ ತೆರೆದು ನೋಡಿದ್ದಾರೆ. ಅವರು ಮಾಡಬೇಕಾದದ್ದನ್ನೇ ಮಾಡಿದ್ದಾರೆ.’

ಕೆಳಗೆ ನನ್ನ ಹೆಸರು.

ಅಪ್ಪನಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ಎರಡು ಸಲ ಓದಿದರು. ಏನಾದರೂ ತಿದ್ದುತ್ತಾರೆ ಅಂದುಕೊಂಡೆ.

“ಇದರಲ್ಲಿ ತಿದ್ದೋಕೆ ಏನೂ ಇಲ್ಲ,” ಎಂದು ವಾಪಸ್ ಕೊಟ್ಟರು. ಆಮೇಲೆ, “ಊಟ ಮಾಡಿದ್ಯಾ?” ಎಂದು ಕೇಳಿದರು.

ಮಾರ್ಚ್ 5, ಗುರುವಾರ

ಇದನ್ನು ಪತ್ರವಾಗಿ ಕಳಿಸಿದರೆ ಸಾಲದು, ಕೈಪಿಡಿಯಲ್ಲೇ ಒಂದು ಪುಟವಾಗಿ ಹಾಕಬೇಕು ಎಂದು ದೊಡ್ಡಮ್ಮನಿಗೆ ಹೇಳಿದೆ. ಆ ಹತ್ತೊಂಬತ್ತು ದಿನದಲ್ಲಿ ಹದಿನೇಳನೇ ಪುಟ ನೋಡಿದವರು ಇನ್ನೂ ಎಲ್ಲೆಲ್ಲಿದ್ದಾರೋ. ಅವರಿಗೂ ತಿಳಿಯಬೇಕಲ್ಲ. “ನಾನು ಡಾಕ್ಟರಾಗಿದ್ದಾಗ ಒಂದೆರಡು ತಪ್ಪು ನನ್ನಿಂದಲೂ ಆಗಿತ್ತು ಕಣಮ್ಮ. ಎಲ್ಲೂ ಬರೆದಿಡಲಿಲ್ಲ,” ಎಂದರು. ಬೇಡವೆಂದು ಮಾತ್ರ ಹೇಳಲಿಲ್ಲ.

ಹೊಸ ವ್ಯವಸ್ಥೆ ಇವತ್ತೇ ಮೊದಲ ಸಲ ನಿಜವಾಗಿ ಓಡಿತು. ಯಾವ ಪುಟವಾದರೂ ಇಬ್ಬರು ಓದಿ ಒಪ್ಪಬೇಕು: ನಮ್ಮಲ್ಲೊಬ್ಬರು, ಯಾವುದಾದರೂ ಕ್ಲಿನಿಕ್ಕಿನಲ್ಲಿ ಬಳಸುವವರೊಬ್ಬರು. ಬರೆದವರೇ ಒಪ್ಪುವ ಹಾಗಿಲ್ಲ. ಹಾಗಾಗಿ ನನ್ನ ಪುಟಕ್ಕೆ ನಾನು ಏನೂ ಮಾಡುವ ಹಾಗಿರಲಿಲ್ಲ. ಕಳಿಸಿ, ಕೈಕಟ್ಟಿ ಕೂತೆ.

ಹನ್ನೊಂದೂ ಐದಕ್ಕೆ ನಮ್ಮ ಕಡೆಯಿಂದ ಕಪ್ಪೆಯವರ ಒಪ್ಪಿಗೆ. ಜೊತೆಗೆ ಒಂದೇ ಸಾಲು: ‘ನನಗೆ ಗೊತ್ತಿರಲಿಲ್ಲ ಮೇಡಂ.’ ಕ್ಲಿನಿಕ್ಕಿನ ಕಡೆಯಿಂದ ಓದಲು ನರ್ಸನ್ನೇ ಕೇಳಿದ್ದೆ. ಹನ್ನೊಂದೂವರೆಯಾಯಿತು. ಹನ್ನೆರಡಾಯಿತು. ಅವರು ಪುಟ ತೆರೆದಿರುವುದು ಕಾಣುತ್ತಿತ್ತು, ಒಪ್ಪಿಗೆಯ ಗುಂಡಿ ಒತ್ತುತ್ತಿರಲಿಲ್ಲ. ಆಮೇಲೆ ಫೋನ್ ಮಾಡಿದರು.

“ಇದು ಪೂರ್ತಿ ನಿಜಾನಾ?”

“ಹೌದು.”

“ಮುನಿಸಿಕೊಂಡು ಬಿಟ್ರಾ?”

“ಹೌದು.”

“ನಾನು ನಿಮ್ಮ ಅಪ್ಪನಿಗೆ ಹುಷಾರಿರ್ಲಿಲ್ಲ ಅಂತ ಕೇಳಿ, ಪಾಪ ಅಂದ್ಕೊಂಡಿದ್ದೆ. ಮೂರು ವಾರದಿಂದ ನಾನು ಕನ್ನಡಿ ನೋಡೋಕೂ ಹೆದರ್ತಿದ್ದೀನಿ, ಗೊತ್ತಾ ನಿಮಗೆ?”

ಫೋನ್ ಕಟ್ಟಾಯಿತು.

ಹನ್ನೆರಡೂ ನಲವತ್ತಕ್ಕೆ ಅವರ ಒಪ್ಪಿಗೆ ಬಂತು. ಮೂರು ನಿಮಿಷದ ನಂತರ ಪುಟ ಹೊರಗಿತ್ತು.

ಮಾರ್ಚ್ 6, ಶುಕ್ರವಾರ

ಬೈಗುಳ ಬಂದಿವೆ. ಎಲ್ಲಾ ಓದಿದೆ. ಇನ್ನೆರಡು ಕ್ಲಿನಿಕ್ಕಿನವರು ಹಳೆಯ ಚೀಟಿಗಳನ್ನು ತೆಗೆದು ನೋಡಿದ್ದಾರೆ. ಒಂದು ಕಡೆ ಒಂದು ಮಗುವಿಗೆ ಹೀಗೇ ಕಡಿಮೆ ಹೋಗುತ್ತಿತ್ತು, ಇವತ್ತು ಸರಿಮಾಡಿದ್ದಾರೆ.

ಮಾರ್ಚ್ 17, ಮಂಗಳವಾರ

ಹತ್ತು ದಿನ ಏನೂ ಬರೆಯಲಿಲ್ಲ. ಒಂದು ವಾಷಿಂಗ್ ಮೆಷಿನ್ನಿನ ಕೈಪಿಡಿ ಮುಗಿಸಬೇಕಿತ್ತು.

ವಿಚಾರಣೆಯ ತೀರ್ಪು ಬಂದಿದೆ. ನರ್ಸನ್ನು ಕೆಲಸಕ್ಕೆ ಮರಳಿ ತೆಗೆದುಕೊಂಡಿದ್ದಾರೆ. ಒಂದು ಎಚ್ಚರಿಕೆಯ ಪತ್ರವನ್ನೂ ಕೊಟ್ಟಿದ್ದಾರೆ. ಆ ಪತ್ರವೂ ಬೇಡವಾಗಿತ್ತು ಎಂದು ನಾನು ಅಂದರೆ, “ಅದಿರ್ಲಿ ಬಿಡಿ, ನಾನೂ ಪರದೆ ನಂಬಬಹುದಿತ್ತು,” ಎಂದರು. ಫೋನಿನ ಕೊನೆಗೆ, “ಒಂದ್ಸಲ ಇಲ್ಲಿಗೆ ಬನ್ನಿ. ನೀವು ಬರೆದದ್ದನ್ನ ನಾವು ಎಂಥ ಗಲಾಟೆಯಲ್ಲಿ ನಿಂತು ಓದ್ತೀವಿ ನೋಡಿ,” ಎಂದರು.

ಕೀಲಿಕೈ ಈಗ ನಾಲ್ವರ ಹತ್ತಿರ ಇದೆ.

ಮಾರ್ಚ್ 28, ಶನಿವಾರ

ಹೋಗಿದ್ದೆ. ರೈಲಿನಲ್ಲಿ ಮೂರು ಗಂಟೆ, ಬಸ್ಸಿನಲ್ಲಿ ಅರ್ಧ ಗಂಟೆ.

ಎರಡು ಕೋಣೆಯ ಕ್ಲಿನಿಕ್. ಬೆಂಚಿನ ಮೇಲೆ ಹನ್ನೆರಡು ಜನ, ಮಡಿಲಿನಲ್ಲಿ ಅಳುವ ಮಕ್ಕಳು. ನರ್ಸಿನ ಮೇಜು ಎರಡು ಮೊಳವೂ ಇಲ್ಲ. ಒಂದು ಕಡೆ ತೂಕದ ಯಂತ್ರ, ಒಂದು ಕಡೆ ಕಂಪ್ಯೂಟರ್. ನನ್ನ ಕೈಪಿಡಿಯನ್ನು ಅವರು ಫೋನಿನಲ್ಲಿ ತೆರೆದು, ಫೋನನ್ನು ಹತ್ತಿಯ ಡಬ್ಬಕ್ಕೆ ಒರಗಿಸಿ ಇಟ್ಟುಕೊಳ್ಳುತ್ತಾರೆ. ನಾನು ಅಷ್ಟು ಆಸ್ಥೆಯಿಂದ ಪಕ್ಕಪಕ್ಕ ಜೋಡಿಸಿದ್ದ ಚಿತ್ರಗಳು ಅಲ್ಲಿ ಕಡಲೆಕಾಳಿನಷ್ಟು ಕಾಣುತ್ತವೆ. ಒಂದು ಗಂಟೆಯಲ್ಲಿ ಹದಿನೆಂಟು ಸಲ ಅವರನ್ನು ಯಾರಾದರೂ ಕರೆದರು. ಎಣಿಸಿದೆ.

ಹನ್ನೆರಡರ ಹೊತ್ತಿಗೆ ಒಬ್ಬ ಹೆಂಗಸು ನಾಲ್ಕು ವರ್ಷದ ಹುಡುಗಿಯನ್ನು ಕರೆದುಕೊಂಡು ಬಂದಳು. ನರ್ಸ್ ನನ್ನ ಕಡೆ ಒಮ್ಮೆ ನೋಡಿದರು. ನೋಡಿದ ರೀತಿಯಲ್ಲೇ ಗೊತ್ತಾಯಿತು.

ಹುಡುಗಿ ಎಡಗೈಯಲ್ಲಿ ಒಂದು ಬಿಸ್ಕತ್ತು ಹಿಡಿದಿದ್ದಳು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

“ಇವರು ಯಾರು ಸಿಸ್ಟರ್?” ಎಂದು ತಾಯಿ ಕೇಳಿದಳು.

ನಾನೇ ಹೇಳಿದೆ. “ಸಿಸ್ಟರ್ ನೋಡಿದ ಪುಸ್ತಕದ ಪುಟ ತಪ್ಪಾಗಿತ್ತಲ್ಲ, ಅದನ್ನ ಸರಿಮಾಡಬೇಕಾಗಿದ್ದವಳು ನಾನು. ಮಾಡಲಿಲ್ಲ.”

ಅವಳು ನನ್ನನ್ನು ನೋಡಿದಳು. ಕೂಗುತ್ತಾಳೆ ಅಂದುಕೊಂಡೆ. ಬೆಂಚಿನವರೆಲ್ಲ ಇತ್ತ ತಿರುಗಿದ್ದರು. ಅವಳು ಮಗುವಿನ ಬಾಯಿ ಒರೆಸಿದಳು.

“ಮೊದಲು ಐದು ಎಂಎಲ್ ಕುಡಿಸ್ತಿದ್ದೆ,” ಎಂದಳು ಮೆಲ್ಲಗೆ. “ಹೊಸ ಚೀಟಿಯಲ್ಲಿ ಒಂದು ಅಂತ ಬಂತು. ನನಗೆ ಎಷ್ಟು ಖುಷಿಯಾಯ್ತು ಗೊತ್ತಾ? ಔಷಧಿ ಕಮ್ಮಿ ಮಾಡಿದ್ದಾರೆ ಅಂದ್ರೆ ವಾಸಿಯಾಗ್ತಿದೆ ಅಂತ ಅರ್ಥ ಅಂದ್ಕೊಂಡೆ. ಪಕ್ಕದ ಮನೆಯವರಿಗೆಲ್ಲಾ ಹೇಳ್ಕೊಂಡು ಬಂದೆ. ಇವಳಪ್ಪನಿಗೆ ಕೆಲಸದ ಜಾಗಕ್ಕೆ ಫೋನ್ ಮಾಡಿ ಹೇಳಿದೆ. ಆ ಒಂದು ವಾರ ನಮ್ಮ ಮನೇಲಿ ಎಲ್ಲರೂ ನಗ್ತಾ ಇದ್ವಿ.”

ಅವಳು ಹುಡುಗಿಯ ಬಲಗೈಯನ್ನು ತನ್ನ ಕೈಗೆ ತೆಗೆದುಕೊಂಡಳು.

“ಯಾಕೆ ಕಮ್ಮಿಯಾಯ್ತು ಅಂತ ಒಂದು ಮಾತು ಕೇಳಿದ್ದಿದ್ರೆ…” ಎಂದು ನಿಲ್ಲಿಸಿದಳು.

“ಕೇಳಬೇಕಾಗಿದ್ದವರು ನೀವಲ್ಲ,” ಎಂದರು ನರ್ಸ್. “ಹೇಳಬೇಕಾಗಿದ್ದವಳು ನಾನು. ಹೇಳೋಕೆ ಹೊರಟಿದ್ರೆ ನನಗೇ ಕಾರಣ ಗೊತ್ತಿಲ್ಲ ಅಂತ ಆಗಲೇ ತಿಳೀತಿತ್ತು.”

ನಾನು ಕ್ಷಮಿಸಿ ಎಂದೆ. “ನೀವು ಬಂದ್ರಿ. ನಾನು ಏನು ಹೇಳ್ಬೇಕೋ ನನಗೆ ಗೊತ್ತಾಗ್ತಿಲ್ಲ,” ಎಂದಳು. ಆಮೇಲೆ ನರ್ಸ್ ಕೊಟ್ಟ ಚೀಟಿಯನ್ನೂ ಹಳೆಯ ಚೀಟಿಯನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಬಾಟಲಿಯ ಮೇಲಿನ ಸಂಖ್ಯೆಯನ್ನು ಬೆರಳು ಮಡಚಿ ಭಾಗಿಸಿ, ಎರಡು ಸಲ ಸರಿನೋಡಿಕೊಂಡು ಎದ್ದಳು. ಡಾಕ್ಟರು ವ್ಯಾಯಾಮ ಮಾಡಿಸಿದರೆ ಕೈ ಬರಬಹುದು ಎಂದಿದ್ದಾರಂತೆ. ಬರಬಹುದು.

ರೈಲಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಇಳಿಯುವವರೆಗೆ ಏನು ಯೋಚಿಸಿದೆನೋ ನೆನಪಿಲ್ಲ.

ಏಪ್ರಿಲ್ 2, ಗುರುವಾರ

ಸಂಜೆ ಅಪ್ಪನ ರಕ್ತದೊತ್ತಡದ ಮಾತ್ರೆ ತರಲು ಔಷಧಿ ಅಂಗಡಿಗೆ ಹೋಗಿದ್ದೆ. ಉದ್ದ ಸಾಲಿತ್ತು. ನಿಂತಲ್ಲೇ ಫೋನಿನಲ್ಲಿ ಕೈಪಿಡಿ ತೆರೆದರೆ ಹದಿನೇಳನೇ ಪುಟದಲ್ಲಿ ಹೊಸ ಸಾಲು: ‘ಔಷಧಿಯ ಪ್ರಮಾಣ ಮೊದಲಿಗಿಂತ ಬದಲಾಗಿದ್ದರೆ ಯಾಕೆ ಬದಲಾಯಿತೆಂದು ಮನೆಯವರಿಗೆ ಬಾಯಿಬಿಟ್ಟು ಹೇಳಿ. ಕಾರಣ ಹೇಳಲು ಗೊತ್ತಾಗದಿದ್ದರೆ ಔಷಧಿ ಕೊಡಬೇಡಿ.’ ನರ್ಸ್ ಬರೆದು ಕಳಿಸಿದ್ದಾರೆ. ಕಪ್ಪೆಯವರೂ ಇನ್ಯಾವುದೋ ಕ್ಲಿನಿಕ್ಕಿನ ಯಾರೋ ಒಬ್ಬರೂ ಒಪ್ಪಿದ್ದಾರೆ. ಪ್ರಕಟವಾಗಿ ಆಗಲೇ ನಾಲ್ಕು ಗಂಟೆಯಾಗಿತ್ತು. ‘ಬಾಯಿಬಿಟ್ಟು’ ಅನ್ನುವುದನ್ನು ಕೈಪಿಡಿಯ ಭಾಷೆಯಲ್ಲ ಎಂದು ನಾನಾಗಿದ್ದರೆ ತೆಗೆಯುತ್ತಿದ್ದೆ. ಇರಲಿ, ಅದೇ ಸರಿಯಾಗಿದೆ.

ನನ್ನ ಸರದಿ ಬಂತು. ಅಂಗಡಿಯವರು ಚೀಟಿ ನೋಡಿ ಮಾತ್ರೆ ಕತ್ತರಿಸಿ ಕೊಟ್ಟರು. “ದಿನಕ್ಕೆ ಅರ್ಧ,” ಎಂದರು.

“ಹೋದ ತಿಂಗಳು ಒಂದಿತ್ತಲ್ಲ. ಯಾಕೆ ಕಮ್ಮಿಯಾಯ್ತು?”

“ಡಾಕ್ಟರು ಬರೆದಿದ್ದಾರಲ್ಲಮ್ಮ.”

“ಎಷ್ಟು ಅಂತ ಬರೆದಿದ್ದಾರೆ. ಯಾಕೆ ಅಂತ ಬರೆದಿಲ್ಲ. ಒಂದು ಫೋನ್ ಮಾಡಿ ಕೇಳ್ತೀರಾ?”

ಹಿಂದೆ ನಿಂತವರು ಗೊಣಗಿದರು. ಒಬ್ಬರು ಗಡಿಯಾರ ನೋಡಿಕೊಂಡರು. ಅಂಗಡಿಯವರು ಹುಬ್ಬು ಗಂಟಿಕ್ಕಿ ಫೋನ್ ತೆಗೆದರು, ಆ ಕಡೆ ಯಾರೋ ಕಾಯಿರಿ ಅಂದರು. ನಾನು ಪಕ್ಕಕ್ಕೆ ಸರಿದು, ಹಿಂದಿನವರಿಗೆ ದಾರಿ ಬಿಟ್ಟು, ಉತ್ತರ ಬರುವವರೆಗೂ ಅಲ್ಲೇ ನಿಂತಿದ್ದೆ.